ಮಕ್ಕಳ ಎಂಜಲು ಕಾದವಳು

ತೀರಿಕೊಂಡವರ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಯಾರೋ ಕರೆದರೆಂದು ಅವರು ತಿರುಗಿ ನೋಡುತ್ತಾರೆ, ಹೋಗಬೇಕಾದ ದಾರಿ ತಪ್ಪುತ್ತದೆ ಎನ್ನುತ್ತಾರೆ ಹಿರಿಯರು. ಹಾಗಾಗಿ ಅವಳನ್ನು ಇಲ್ಲಿ ಚಿಕ್ಕಮ್ಮ ಎಂದೇ ಕರೆಯಬೇಕು. ಬದುಕಿದ್ದಾಗಲೂ ನಮ್ಮ ಮೂಲನಿವಾಸಿ ಸೀಮೆಯ ಚಿನ್ಲೆ ಊರಿನ ಸುತ್ತಮುತ್ತ ಅರ್ಧ ಜನ ಅವಳನ್ನು ಹಾಗೇ ಕರೆಯುತ್ತಿದ್ದರು. ಕುಲದ ಎಳೆ ಹಿಡಿದು ಹೋದರೆ ಯಾವುದಾದರೂ ಒಂದು ಕವಲಿನಲ್ಲಿ ಅವಳು ಎಲ್ಲರ ತಾಯಿಗೂ ತಂಗಿಯೇ ಆಗುತ್ತಿದ್ದಳು.

ಈ ಫೆಬ್ರವರಿಯಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ, ದನಿ ಕುಗ್ಗಿಹೋಗಿದ್ದ ಕೊನೆಯ ವಾರದಲ್ಲೂ ಅವಳು ರಕ್ತ ತೆಗೆಯಲು ಬಂದ ನರ್ಸಿನ ಮಣಿಕಟ್ಟು ಹಿಡಿದುಕೊಂಡು ಕೇಳಿದಳು.

"ಇದು ಇಲ್ಲಿಂದ ಎಲ್ಲಿಗೆ ಹೋಗುತ್ತೆ?"

"ಕೆಳಗಡೆ ಲ್ಯಾಬಿಗೆ, ಅಮ್ಮ."

"ಆಮೇಲೆ?"

"ಆಮೇಲೆ ಬಿಸಾಡ್ತಾರೆ."

"ಬಿಸಾಡೋದನ್ನ ನೀನು ನೋಡಿದೀಯಾ?"

ನರ್ಸ್ ನೋಡಿರಲಿಲ್ಲ. "ಹೋಗಿ ನೋಡ್ಕೊಂಡು ಬಾ," ಎಂದಳು ಚಿಕ್ಕಮ್ಮ. ಆ ಹೆಣ್ಣುಮಗಳು ಒಳ್ಳೆಯವಳು. ನಿಜವಾಗಿಯೂ ಹೋಗಿ, ನೋಡಿ, ಬಂದು ಹೇಳಿದಳು. ಆಮೇಲೆಯೇ ಚಿಕ್ಕಮ್ಮ ಕಣ್ಣು ಮುಚ್ಚಿದ್ದು.

ಈ ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅವಳಿಗೆ ಇಪ್ಪತ್ತು ದಾಟಿದ ಕಾಲ. ಹಿಮ ಚೆನ್ನಾಗಿ ಬಿದ್ದು, ಕಾಡಿನಲ್ಲಿ ಕಾಯಿ ಹೇರಳವಾಗಿ ಬಿಟ್ಟು, ಇಲಿಗಳು ವಿಪರೀತ ಹೆಚ್ಚಿದ ವರ್ಷ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ಹರೆಯದವರು ಉಸಿರು ಸಿಕ್ಕದೆ ಸಾಯತೊಡಗಿದರು. ಅವಳ ತಂಗಿಯೂ ಹೋದಳು. ಹೊರಗಿನಿಂದ ಬಂದವರು ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ರಕ್ತ ತೆಗೆದುಕೊಂಡರು, ಮನೆಯ ಮೂಲೆಯ ಧೂಳನ್ನೂ ಗೋರಿಕೊಂಡು ಹೋದರು. ಪತ್ರಿಕೆಗಳು ಆ ಕಾಯಿಲೆಗೆ ನಮ್ಮ ಜನರ ಹೆಸರನ್ನೇ ಇಟ್ಟವು. ಪೇಟೆಯ ಹೋಟೆಲುಗಳಲ್ಲಿ ನಾವು ಮುಟ್ಟಿದ ಲೋಟವನ್ನು ಕೈಗವಸು ಹಾಕಿ ಎತ್ತಿದರು. ಕೊನೆಗೆ ಕಾಯಿಲೆ ಇಲಿಗಳಿಂದ ಬಂದದ್ದೆಂದು ಗೊತ್ತಾಯಿತು. ಗೊತ್ತಾದ್ದರಿಂದ ಎಷ್ಟೋ ಜೀವ ಉಳಿಯಿತು. ಅದನ್ನು ಚಿಕ್ಕಮ್ಮ ಯಾವತ್ತೂ ಇಲ್ಲವೆನ್ನಲಿಲ್ಲ. ಆದರೆ ತಂಗಿಯ ರಕ್ತ ಏನಾಯಿತು, ಚೆಲ್ಲಿದರೇ, ಇನ್ನೂ ಯಾವುದೋ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿ ಕೂತಿದೆಯೇ ಎಂಬುದನ್ನು ಯಾರೂ ಬಂದು ಹೇಳಲಿಲ್ಲ. ಅವಳು ಫೋನು ಮಾಡಿದಳು. ಖುದ್ದಾಗಿ ಹೋಗಿ ಕೇಳಿದಳು. ಇವರು ಅವರ ಕಡೆಗೆ ಕೈ ತೋರಿಸಿದರು, ಅವರು ಇವರ ಕಡೆಗೆ.

ಆಮೇಲೆ ಅವಳು ರಕ್ತ ತೆಗೆಯುವ ಕೆಲಸವನ್ನೇ ಕಲಿತು ನಮ್ಮ ಕ್ಲಿನಿಕ್ಕಿಗೆ ಸೇರಿದಳು. ಯಾಕೆಂದು ಕೇಳಿದವರಿಗೆ ಒಂದೇ ಉತ್ತರ: "ಸೂಜಿ ನನ್ನ ಕೈಲಿದ್ರೆ ಎಷ್ಟು ತೆಗೆದ್ರು ಅಂತಾದ್ರೂ ಗೊತ್ತಿರುತ್ತೆ." ಅವಳ ಕೈ ಹಗುರ. ಮುದುಕಿಯರು ಅವಳಿಗಾಗಿ ಕಾದು ಕೂರುತ್ತಿದ್ದರು.

ಮುಂದೆ ನಗರದ ವಿಶ್ವವಿದ್ಯಾಲಯವೊಂದರವರು ನಮ್ಮ ಶಾಲೆಯ ಏಳನೇ ಎಂಟನೇ ತರಗತಿಯ ಮಕ್ಕಳನ್ನು ಬೇಸಿಗೆಯಲ್ಲಿ ಕರೆದೊಯ್ದು ಪ್ರಯೋಗಾಲಯದ ಕೆಲಸ ಕಲಿಸುತ್ತೇವೆಂದು ಬಂದರು. ವರ್ಷವಿಡೀ ಆ ಮಕ್ಕಳ ಕೈ ಹಿಡಿದು ನಡೆಸಲು ಊರಿನವರೇ ಒಬ್ಬರು ಬೇಕು ಎಂದರು. ಎಲ್ಲರೂ ಚಿಕ್ಕಮ್ಮನ ಕಡೆ ನೋಡಿದರು. ಅವಳು ಬೇಡವೆನ್ನುತ್ತಾಳೆ ಎಂದುಕೊಂಡಿದ್ದವರಿಗೆ ಆಶ್ಚರ್ಯವಾಯಿತು.

"ನಾನು ಹೋಗದಿದ್ರೂ ಅವರು ಮಕ್ಕಳನ್ನ ಕರ್ಕೊಂಡು ಹೋಗೇ ಹೋಗ್ತಾರೆ," ಎಂದಳು. "ನಾನು ಹೋದ್ರೆ ಬಾಗಿಲಲ್ಲಿ ನೋಡೋಳು ಒಬ್ಬಳಾದ್ರೂ ಇರ್ತಾಳೆ."

ಮೊದಲ ವರ್ಷ ಮನೆಮನೆಗೆ ಹೋಗಿ ಒಪ್ಪಿಸುವ ಕೆಲಸವೂ ಅವಳದ್ದೇ ಆಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಕೆಂಪುಬಂಡೆ ಅಜ್ಜಿಯ ಮನೆ. ಅಜ್ಜಿ ಹ್ಞೂಂ ಅಂದರೆ ಆ ಕಣಿವೆಯ ಎಲ್ಲ ಮನೆಗಳೂ ಹ್ಞೂಂ, ಅಜ್ಜಿ ಊಹ್ಞೂಂ ಅಂದರೆ ಯಾರೂ ಇಲ್ಲ. ಅವಳ ಮೊಮ್ಮಗಳು ದೆಸ್ಬಾ ಏಳನೇ ತರಗತಿ. ಹೋಗಬೇಕೆಂದು ಚಳಿಗಾಲದಿಂದಲೇ ತುದಿಗಾಲಲ್ಲಿ ನಿಂತಿದ್ದಳು.

ಡಾಂಬರು ಬಿಟ್ಟು ಬಹಳ ದೂರ ಒಳಗಿದ್ದ ಆ ಮನೆಯ ಮುಂದೆ ಚಿಕ್ಕಮ್ಮ ಪಿಕಪ್ ನಿಲ್ಲಿಸಿ, ಒಳಗಿನವರು ಹೊರಗೆ ಬರುವವರೆಗೆ ಗಾಡಿಯಲ್ಲೇ ಕೂತಿದ್ದಳು. ಬಾಗಿಲು ಬಡಿಯುವುದು ಸಾಲ ವಸೂಲಿಯವರ, ಪೊಲೀಸರ ರೀತಿ. ಅಜ್ಜಿ ಬಂದಳು, ನೋಡಿದಳು, ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಅದೇ ಕರೆ. ಚಿಕ್ಕಮ್ಮ ಹೋಗಿ ಕುಳಿತಳು. ಅಜ್ಜಿ ಉಣ್ಣೆ ಹಿಂಜುತ್ತಲೇ ಕೇಳಿದಳು.

"ಕರ್ಕೊಂಡು ಹೋಗಿ ಏನ್ ಮಾಡಿಸ್ತಾರೆ?"

"ಮೈಕ್ರೋಸ್ಕೋಪಲ್ಲಿ ನೋಡೋದು ಕಲಿಸ್ತಾರೆ ಅಜ್ಜಿ. ಕಿಡ್ನಿ ಹೇಗೆ ಕೆಲಸ ಮಾಡುತ್ತೆ, ಶುಗರ್ ಬಂದ್ರೆ ಅದು ಹೇಗೆ ಕೆಡುತ್ತೆ, ಅದೆಲ್ಲ."

"ಕಿಡ್ನಿ ಕೆಟ್ಟಿದ್ದು ನಮ್ಮ ಮುದುಕಂದು. ದಿನ ಬಿಟ್ಟು ದಿನ ಮಿಷನ್ನಿಗೆ ಕಟ್ಟಿ ಹಾಕ್ತಿದ್ರು. ಆಗ ಇವರೆಲ್ಲ ಎಲ್ಲಿದ್ರು?"

"ನನಗೂ ಗೊತ್ತಿಲ್ಲ."

"ಮಕ್ಕಳೇ ಯಾಕೆ ಬೇಕು? ದೊಡ್ಡೋರಾದ್ರೆ ಪ್ರಶ್ನೆ ಕೇಳ್ತಾರೆ ಅಂತಲಾ?"

"ಅದನ್ನೇ ನಾನೂ ಅವರನ್ನ ಕೇಳ್ದೆ."

"ಏನಂದ್ರು?"

"ಮುಂದೆ ನಿಮ್ಮೂರಿಗೆ ನಿಮ್ಮ ಮಾತು ಆಡೋ ಡಾಕ್ಟರೇ ಬರಲಿ ಅಂತ ಅಂದ್ರು. ಎಷ್ಟು ಚೆನ್ನಾಗಿ ಹೇಳಿದ್ರು ಅಂದ್ರೆ, ಅದಕ್ಕೇ ನನಗೆ ಇನ್ನೂ ಜಾಸ್ತಿ ಅನುಮಾನ."

ಅಜ್ಜಿಯ ಕೈ ನಿಂತಿತು. ಅವಳು ನಕ್ಕದ್ದು ಕಾಣಲಿಲ್ಲ, ಭುಜ ಅಲುಗಿದ್ದು ಮಾತ್ರ ಕಂಡಿತು. ಆಮೇಲೆ ದೆಸ್ಬಾಳನ್ನು ಕುರಿ ನೋಡಿ ಬಾ ಎಂದು ಹೊರಗೆ ಕಳಿಸಿ ದನಿ ತಗ್ಗಿಸಿದಳು. "ಕೂದಲು, ಉಗುರು, ಎಂಜಲು. ಇವು ಯಾರ ಕೈಗೆ ಸಿಕ್ಕಿದ್ರೆ ಏನಾಗುತ್ತೆ ಅಂತ ನಿನಗೆ ನಾನು ಹೇಳಿಕೊಡಬೇಕಾ? ನಮ್ಮೋರೇ ನಮ್ಮೋರಿಗೆ ಮಾಟ ಮಾಡಿರೋದನ್ನ ನೋಡಿದೀನಿ. ಇನ್ನು ಗೊತ್ತಿಲ್ಲದೋರ ಕೈಲಿ..."

"ಅಜ್ಜಿ, ಅವಳದ್ದು ಒಂದು ಕೂದಲೆಳೆ, ಒಂದು ಹನಿ ಎಂಜಲು ಅಲ್ಲಿ ಉಳಿಯಲ್ಲ. ಹೇಗೆ ಕರ್ಕೊಂಡು ಹೋದ್ನೋ ಹಾಗೇ ಪೂರ್ತಿ ತಂದು ಒಪ್ಪಿಸ್ತೀನಿ. ಇದು ನನ್ನ ಮಾತು."

"ಒಪ್ಪಿಸದಿದ್ರೆ?"

"ಒಪ್ಪಿಸದಿದ್ರೆ ಈ ಮನೆ ಮುಂದೆ ಮತ್ತೆ ಗಾಡಿ ನಿಲ್ಲಿಸಲ್ಲ. ಯಾರ ಮನೆ ಮುಂದೇನೂ ನಿಲ್ಲಿಸಲ್ಲ."

ಅಜ್ಜಿ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲೂ ಇಲ್ಲ. ಎದ್ದು ಮೊಮ್ಮಗಳ ಬಟ್ಟೆಗಳನ್ನು ಮಡಿಸತೊಡಗಿದಳು.

ಬಸ್ಸು ಓಡಿಸಿದ್ದು ಎಲ್ರಾಯ್, ಚಿಕ್ಕಮ್ಮನ ಸೋದರತ್ತೆಯ ಮಗ. ನಮ್ಮಲ್ಲಿ ಅತ್ತೆಮಾವಂದಿರ ಮಕ್ಕಳು ಒಬ್ಬರನ್ನೊಬ್ಬರು ಗೇಲಿ ಮಾಡದಿದ್ದರೆ ಏನೋ ಮುನಿಸಿದೆ ಎಂದೇ ಅರ್ಥ. ಇವರಿಬ್ಬರಲ್ಲಿ ಮುನಿಸು ಯಾವತ್ತೂ ಇರಲಿಲ್ಲ. ಚಿಕ್ಕಮ್ಮ ಖಾಲಿ ಕಾಫಿಪುಡಿಯ ದೊಡ್ಡ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಕ್ಕಳು ಬಾಚಣಿಗೆಯಲ್ಲಿ ಉಳಿದ ಕೂದಲು, ಕತ್ತರಿಸಿದ ಉಗುರು, ಗಾಯಕ್ಕೆ ಕಟ್ಟಿದ ಬಟ್ಟೆ, ಎಲ್ಲ ಅದರೊಳಗೆ ಹಾಕಬೇಕೆಂಬುದು ಅವಳ ಕಟ್ಟಪ್ಪಣೆ.

"ಏನೇ ಮಾವನ ಮಗಳೇ," ಎಂದ ಎಲ್ರಾಯ್ ಕನ್ನಡಿಯಲ್ಲಿ ನೋಡುತ್ತ, "ಹೀಗೇ ಗಂಡನ್ನೂ ಕಾದಿದ್ರೆ ಅವನು ಓಡಿಹೋಗ್ತಿರಲಿಲ್ಲ."

"ಅವನನ್ನ ಕಾಯೋಕೆ ಡಬ್ಬಿ ಎಲ್ಲಿ ಸಾಲ್ತಿತ್ತು? ನಿನ್ನ ಬಸ್ಸೇ ಬೇಕಾಗ್ತಿತ್ತು. ಮುಂದೆ ನೋಡ್ಕೊಂಡು ಓಡಿಸು."

ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಹೋಲ್ಮ್ ಎತ್ತರದ, ಭುಜ ಬಾಗಿದ ಬಿಳಿಯ. ಮಾತಾಡುವಾಗ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ನಮ್ಮಲ್ಲಿ ಹಾಗೆ ನೋಡುವುದು ಜಗಳಕ್ಕೆ ಮೊದಲು. ಬಾಗಿಲ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಡಿ ಎಂದು ಚಿಕ್ಕಮ್ಮ ಕೇಳಿದಾಗ ಅವನು ತಕ್ಷಣ ಹಾಕಿಸಿದ. ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಸರಿಬರಲಿಲ್ಲ. ಗೋಡೆಯ ಪಕ್ಕ ಗುಂಯ್ಗುಡುವ ಒಂದು ಆಳೆತ್ತರದ ಫ್ರಿಜ್ಜಿಗೆ ಬೀಗವಿತ್ತು. ಅದೂ ಸರಿಬರಲಿಲ್ಲ. ಅವನ ಸಹಾಯಕಿ ಫೋನಿನಲ್ಲಿ ಮಾತಾಡುತ್ತಿದ್ದವಳು ಚಿಕ್ಕಮ್ಮ ಹತ್ತಿರ ಬಂದಾಗ ಮಾತು ನಿಲ್ಲಿಸುತ್ತಿದ್ದಳು. ಗಂಡನ ಜೊತೆ ಜಗಳವಿದ್ದೀತು. ಆದರೆ ಇದ್ದೀತು ಎಂದುಕೊಂಡು ಸುಮ್ಮನಾಗುವ ಹೆಂಗಸಲ್ಲ ಚಿಕ್ಕಮ್ಮ.

ಮಕ್ಕಳಿಗೆ ಮಾತ್ರ ಹಬ್ಬ. ಮೊದಲ ವಾರ ಕುರಿಯ ಕಿಡ್ನಿ ಕೊಯ್ಯಲು ಕೊಟ್ಟರು. ಔಷಧಿ ನೀರಿನಲ್ಲಿ ನೆನೆಸಿದ್ದು, ಕಣ್ಣುರಿಯುವ ವಾಸನೆ.

"ಅಯ್ಯೋ, ಹಾಳು ಮಾಡಿಬಿಟ್ಟಿದ್ದಾರೆ," ಎಂದಿತು ಒಂದು ಮಗು. "ಉಪ್ಪು ಹಾಕಿ ಕೆಂಡದ ಮೇಲಿಟ್ಟಿದ್ರೆ ಎಲ್ಲರಿಗೂ ಒಂದೊಂದು ತುಂಡು ಆಗ್ತಿತ್ತು."

ದೆಸ್ಬಾ ನಗಲಿಲ್ಲ. ಮನೆಯಲ್ಲಿ ಎಷ್ಟೋ ಕುರಿ ಕೊಯ್ಯುವುದನ್ನು ಕಂಡವಳು. ಒಂದೇ ಎಳೆತಕ್ಕೆ ಸೀಳಿ, ತೆಳ್ಳಗಿನ ಪದರವನ್ನು ಲೆನ್ಸಿನ ಕೆಳಗಿಟ್ಟು ನೋಡಿದವಳು ತಲೆಯೆತ್ತಲೇ ಇಲ್ಲ. ಬಹಳ ಹೊತ್ತಾದ ಮೇಲೆ ಕೇಳಿದಳು. "ನನ್ನ ಅಜ್ಜನ ಕಿಡ್ನೀಲೂ ಈ ಸುರುಳಿಗಳು ಇದ್ವಾ?"

ಹೋಲ್ಮ್ ಅವಳ ಪಕ್ಕ ಕೂತ. ಇದ್ದವು ಎಂದ. ಸಕ್ಕರೆ ಹೆಚ್ಚಾದಾಗ ಅವು ಹೇಗೆ ಗಟ್ಟಿಯಾಗಿ ಸೋಸುವುದನ್ನು ನಿಲ್ಲಿಸುತ್ತವೆಂದು ಚಿತ್ರ ಬರೆದು ತೋರಿಸಿದ. ಆಮೇಲೆ ಕೇಳಿದ: "ಅಜ್ಜನಿಗೆ ಯಾವ ವಯಸ್ಸಲ್ಲಿ ಶುರುವಾಯ್ತು? ಮನೆಯಲ್ಲಿ ಇನ್ಯಾರಿಗಾದ್ರೂ ಇದೆಯಾ?"

ಬಾಗಿಲ ಬಳಿಯ ಕುರ್ಚಿ ಕಿರುಗುಟ್ಟಿತು. "ಅದು ಪಾಠದಲ್ಲಿದೆಯಾ ಡಾಕ್ಟ್ರೇ?" ಎಂದಳು ಚಿಕ್ಕಮ್ಮ.

ಹೋಲ್ಮ್ ಕೆಂಪಾದ. "ಇಲ್ಲ. ಸುಮ್ಮನೆ ಕೇಳಿದೆ."

ಸುಮ್ಮನೆ ಎಂಬ ಮಾತನ್ನು ಅವಳು ಆ ದಿನವೆಲ್ಲ ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದಳು.

ಊರಿಗೆ ಹೊರಡುವ ಹಿಂದಿನ ದಿನ, ಕೆನ್ನೆಯ ಒಳಗನ್ನು ಹತ್ತಿಯ ಕಡ್ಡಿಯಿಂದ ಸವರಿ, ಗಾಜಿನ ಪಟ್ಟಿಯ ಮೇಲೆ ಒರೆಸಿ, ನೀಲಿ ಬಣ್ಣದ ಒಂದು ಹನಿ ಹಾಕಿ ತಮ್ಮ ಮೈಯ ಕಣಗಳನ್ನೇ ನೋಡುವ ಪಾಠ. ಚಿಕ್ಕಮ್ಮ ಎದ್ದು ನಿಂತಳು. ಎಂಜಲು ಎಂದರೇನೆಂದು ಅವಳು ಹೋಲ್ಮ್‌ನಿಗೆ ಬಿಡಿಸಿ ಹೇಳಲಿಲ್ಲ. ಗೊತ್ತಿಲ್ಲದವರಿಗೆ ಅಂಥದ್ದನ್ನು ಹೇಳಬಾರದು. ಕಡ್ಡಿ, ಗಾಜು, ಒರೆಸಿದ ಕಾಗದ, ಎಲ್ಲ ಮಕ್ಕಳೇ ಸುತ್ತಿ ತನ್ನ ಡಬ್ಬಿಗೆ ಹಾಕಬೇಕು, ಫೋಟೋ ತೆಗೆಯಕೂಡದು ಎಂದಳು. ಅವನು ಒಪ್ಪಿದ. ಪ್ರತಿ ಗಾಜಿನ ಮೇಲೂ ಮಗು ತನ್ನದೇ ಒಂದು ಗುರುತು ಹಾಕಿತು. ದೆಸ್ಬಾಳ ಗುರುತು ಒಂದು ಸಣ್ಣ ಕುರಿಕೊಂಬು.

ಸಂಜೆ ಡಬ್ಬಿ ತೆರೆದು ನೋಡಿದರೆ ಕುರಿಕೊಂಬಿನ ಗಾಜು ಇಲ್ಲ.

"ಹಾಕಿದ್ಯಾ?" ಎಂದು ಕೇಳಿದಾಗ ದೆಸ್ಬಾ ತಲೆ ತಗ್ಗಿಸಿಕೊಂಡೇ ಇದ್ದಳು. ಹೆದರಿದ್ದಾಳೆ ಎಂದುಕೊಂಡಳು ಚಿಕ್ಕಮ್ಮ. ಎಲ್ಲ ಮಕ್ಕಳದ್ದೂ ಇದೆ, ಅಜ್ಜನ ಕಿಡ್ನಿ ಕೆಟ್ಟ ಮಗುವಿನದ್ದು ಮಾತ್ರ ಇಲ್ಲ. ಅವನು ಕೇಳಿದ ಪ್ರಶ್ನೆ, ಬೀಗ ಹಾಕಿದ ಫ್ರಿಜ್ಜು, ಸಹಾಯಕಿಯ ಮೌನ, ಎಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡವು. ಮಕ್ಕಳನ್ನು ಹೊರಗೆ ಎಲ್ರಾಯ್‌ನ ಬಳಿ ಕಳಿಸಿ ಅವಳು ನೇರ ಹೋಲ್ಮ್‌ನ ಮುಂದೆ ಹೋಗಿ ನಿಂತಳು.

"ಫ್ರಿಜ್ಜು ತೆಗೀರಿ."

"ಏನಾಯ್ತು?"

"ದೆಸ್ಬಾಳ ಗಾಜಿಲ್ಲ. ತೆಗೀರಿ."

ಸಹಾಯಕಿ ಏನೋ ಹೇಳಹೋದಳು. ಹೋಲ್ಮ್ ಅವಳನ್ನು ಕೈಯಿಂದ ತಡೆದು ಬೀಗ ತೆಗೆದ. ಒಳಗೆ ಇಲಿಗಳ ಅಂಗಾಂಶ, ಔಷಧಿ ಶೀಸೆಗಳು. ಮೇಜಿನ ಖಾನೆಗಳನ್ನು ಎಳೆದು ತೋರಿಸಿದ. ತನ್ನ ಬಿಳಿ ಕೋಟಿನ ಜೇಬುಗಳನ್ನು ಒಳಗಿನಿಂದ ಹೊರಗೆ ಮಾಡಿದ. "ನಾನು ತಗೊಂಡಿಲ್ಲ," ಎಂದ. "ತಗೊಂಡಿದ್ರೆ ಮಕ್ಕಳ ಹತ್ರ ಸುಳಿಯೋ ಯೋಗ್ಯತೆಯೇ ನನಗಿಲ್ಲ. ಇದು ನಿಮ್ಮೂರಿಗೆ ಗೊತ್ತಾದ್ರೆ ಮುಂದಿನ ವರ್ಷ ಒಂದು ಮಗೂನೂ ಬರಲ್ಲ ಅಲ್ವಾ?"

"ಬರಲ್ಲ. ನಾನೇ ಕಳಿಸಲ್ಲ."

ಅವನು ಕೈಗವಸು ಹಾಕಿಕೊಂಡು, ಕಸದ ತೊಟ್ಟಿಯನ್ನು ನೆಲದ ಮೇಲೆ ಬೋರಲು ಹಾಕಿ, ಮಂಡಿಯೂರಿ ಒಂದೊಂದೇ ಕಾಗದ ಬಿಡಿಸಿ ನೋಡತೊಡಗಿದ. ಇದೂ ನಾಟಕವಿರಬಹುದೇ ಎಂದು ಚಿಕ್ಕಮ್ಮ ನಿಂತು ನೋಡಿದಳು.

ಹೊರಗೆ ಬಂದಾಗ ಎಲ್ರಾಯ್ ಬಸ್ಸಿಗೆ ಒರಗಿ ನಿಂತಿದ್ದ. ಈ ಸಲ ಗೇಲಿಯ ದನಿ ಇರಲಿಲ್ಲ. "ಬಿಳಿಯರ ಜೇಬು ಎಲ್ಲ ನೋಡ್ದೆ ಮಾವನ ಮಗಳೇ. ನಮ್ಮೋರ ಜೇಬು?"

"ಮಕ್ಕಳ ಮೇಲೆ ಹಾಕ್ತೀಯೇನೋ?"

"ನಾನು ಯಾರ ಮೇಲೂ ಹಾಕ್ತಿಲ್ಲ. ಒಬ್ಬಳು ಆಗ್ಲಿಂದ ಅಳ್ತಿದ್ದಾಳೆ, ಅಷ್ಟೆ."

ಗಾಜಿನ ಬಾಗಿಲಿನ ಆಚೆ, ಕಸದ ನಡುವೆ ಮಂಡಿಯೂರಿದ್ದ ಹೋಲ್ಮ್‌ನನ್ನು ನೋಡುತ್ತ ದೆಸ್ಬಾ ನಿಂತಿದ್ದಳು. ಚಿಕ್ಕಮ್ಮ ಹತ್ತಿರ ಹೋದದ್ದೇ, "ಅವರು ತಗೊಂಡಿಲ್ಲ," ಎಂದಳು. "ಅವರನ್ನ ಹುಡುಕಿಸಬೇಡಿ ಚಿಕ್ಕಮ್ಮ."

"ಎಲ್ಲಿದೆ?"

ಹುಡುಗಿ ಕಟ್ಟಡದ ಪೂರ್ವದ ಬಾಗಿಲ ಪಕ್ಕದಲ್ಲಿದ್ದ ಮರ ತೋರಿಸಿದಳು. ಕಾಂಡವೂ ಹಸಿರಾಗಿರುವ ಒಂದು ಮರುಭೂಮಿಯ ಮರ. ಬುಡದಲ್ಲಿ ಮಣ್ಣು ಕೆದರಿ ಮುಚ್ಚಿದ ಗುರುತು.

"ಯಾಕೆ?"

"ಅಣ್ಣ ಹುಟ್ಟಿದಾಗ ಅವನ ಹೊಕ್ಕುಳಬಳ್ಳೀನ ಅಮ್ಮ ಶಾಲೆ ಹಿಂದೆ ಹೂತಿದ್ಲು. ಅವನು ಕಾಲೇಜಿಗೆ ಹೋದ. ನಂದನ್ನ ಅಜ್ಜಿ ಕುರಿದೊಡ್ಡೀಲಿ ಹೂತಿದ್ದಾಳೆ. ಎಲ್ಲಿಗೆ ಹೋದ್ರೂ ನೀನು ಕುರಿ ಹತ್ರಾನೇ ಬರ್ತೀಯ ಬಿಡು ಅಂತ ಎಲ್ಲರ ಮುಂದೆ ಹೇಳ್ತಾಳೆ. ನನಗೆ ಇಲ್ಲಿಗೆ ಬರಬೇಕು. ಹೂಳೋಕೆ ನಂದು ಇನ್ನೇನು ಉಳಿದಿದೆ?"

ಚಿಕ್ಕಮ್ಮ ಎಲ್ಲರನ್ನೂ ಅನುಮಾನಿಸಿದ್ದಳು, ಗುಂಯ್ಗುಡುವ ಪೆಟ್ಟಿಗೆಯನ್ನೂ. ಒಂದು ಮಗು ತನ್ನ ಎಂಜಲನ್ನು ತಾನೇ ಬೇಕೆಂದು ಬಿಟ್ಟುಹೋದೀತೆಂದು ಅವಳಿಗೆ ಹೊಳೆದಿರಲಿಲ್ಲ.

"ಇರಲಿ ಬಿಡಿ ಚಿಕ್ಕಮ್ಮ. ಯಾರಿಗೂ ಗೊತ್ತಾಗಲ್ಲ. ಒಡೆದುಹೋಯ್ತು ಅಂತ ಹೇಳಿ."

ಎಲ್ರಾಯ್ ಆಕಾಶ ನೋಡುತ್ತ ನಿಂತ. ಬಿಡಬಹುದಿತ್ತು. ಬಿಟ್ಟಿದ್ದರೆ ಹುಡುಗಿಯ ಆಸೆಯೂ ಉಳಿಯುತ್ತಿತ್ತು, ಮುಂದಿನ ವರ್ಷದ ಬಸ್ಸೂ ಉಳಿಯುತ್ತಿತ್ತು. ಚಿಕ್ಕಮ್ಮ ಹಸಿರು ಕಾಂಡದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದಳು.

"ಅಗಿ," ಎಂದಳು. "ನಾನು ಮಾತು ಕೊಟ್ಟಿದ್ದು ನಿನಗಲ್ಲ ಮಗಳೇ, ಅಜ್ಜಿಗೆ. ಬಿಡಬೇಕು ಅಂದ್ರೆ ಅವಳು ಬಿಡಬೇಕು."

ದೆಸ್ಬಾ ಅಳುತ್ತ ಬೆರಳಿನಿಂದ ಅಗೆದಳು. ಕಾಗದದಲ್ಲಿ ಸುತ್ತಿದ್ದ ಗಾಜು ಒಡೆದಿರಲಿಲ್ಲ. ಅದನ್ನು ಡಬ್ಬಿಗೆ ಹಾಕಿಸಿ ಚಿಕ್ಕಮ್ಮ ಒಳಗೆ ಹೋದಳು. ಹೋಲ್ಮ್ ಇನ್ನೂ ನೆಲದ ಮೇಲಿದ್ದ.

"ಸಿಕ್ತು. ಏಳಿ," ಎಂದಳು. "ನಿಮ್ಮ ಮೇಲೆ ಅನುಮಾನ ಪಟ್ಟೆ. ಇನ್ನು ಮುಂದೇನೂ ಪಡ್ತೀನಿ. ಆದ್ರೆ ಇವತ್ತಿಂದು ತಪ್ಪು." ಎಂದು ಕೈ ಚಾಚಿದಳು. ನಮ್ಮವರ ಕೈಕುಲುಕು ಹಿಡಿತವಿಲ್ಲದ್ದು, ಬರೀ ಅಂಗೈ ತಾಗಿಸುವುದು. ಅವನೂ ಬಿಗಿಯಾಗಿ ಹಿಡಿಯದೆ ಹಾಗೇ ತಾಗಿಸಿದ. ಎಲ್ಲಿ ಕಲಿತನೋ ಎಂದು ಅವಳಿಗೆ ಅದೂ ಒಂದು ಸಂಶಯವಾಯಿತಂತೆ.

ಮರುದಿನ ಕೆಂಪುಬಂಡೆ ಅಜ್ಜಿಯ ಮನೆಯ ಮುಂದೆ ಪಿಕಪ್ ನಿಂತಿತು. ಅಜ್ಜಿ ಕುರಿಮಾಂಸದ ಸಾರು, ಕರಿದ ರೊಟ್ಟಿ ಮುಂದಿಟ್ಟಳು. ಊಟ ಮುಗಿಯಿತು. ಆಮೇಲೆ ಚಿಕ್ಕಮ್ಮ ಗಾಜನ್ನು ಚಾಪೆಯ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಮರ, ಮಣ್ಣು, ಹೊಕ್ಕುಳಬಳ್ಳಿ, ಯಾವುದನ್ನೂ ಮುಚ್ಚಲಿಲ್ಲ. ದೆಸ್ಬಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಅಜ್ಜಿ ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು. "ನೀನು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

"ಇಲ್ಲ."

"ಮತ್ತೆ ಯಾಕೆ ಹೇಳ್ದೆ?"

"ನೀವು ನನ್ನ ಮೇಲೆ ಅನುಮಾನ ಪಡೋದು ನನಗೆ ಬೇಜಾರಿಲ್ಲ ಅಜ್ಜಿ. ಆ ಅನುಮಾನ ನಿಜ ಆಗಬಾರದು."

ಅಜ್ಜಿ ಎದ್ದು ಹೊರಗೆ ಹೋದಳು. ಗಾಜನ್ನು ಏನು ಮಾಡಿದಳೆಂದು ಯಾರೂ ಕೇಳಲಿಲ್ಲ. ದೊಡ್ಡಿಯ ಬೇಲಿ ಹಿಡಿದು ಬಹಳ ಹೊತ್ತು ನಿಂತಿದ್ದು ಬಂದಳು. "ಮುಂದಿನ ಬೇಸಿಗೇಲಿ ಕಳಿಸಲ್ಲ," ಎಂದಳು. ದೆಸ್ಬಾಳ ಬೆನ್ನು ಕುಗ್ಗಿತು. ಅಜ್ಜಿ ಕೂತು, ಪಾತ್ರೆಗಳನ್ನು ಒಂದರೊಳಗೊಂದು ಇಟ್ಟಳು. "ನಾನೇ ಕರ್ಕೊಂಡು ಬರ್ತೀನಿ. ಇವಳು ಕುರಿ ಬಿಟ್ಟು ತನ್ನನ್ನ ತಾನು ಹೂಳೋ ಅಂಥ ಜಾಗ ಏನಿದೆ ಅಂತ ನಾನೂ ನೋಡ್ಬೇಕು."

"ಕುರಿಗಳು?"

"ಅಳಿಯ ಬಂದು ನೋಡ್ಕೊಳ್ಳಲಿ. ಅಳಿಯ ಅತ್ತೆ ಮುಖ ನೋಡ್ಬಾರದಲ್ಲ, ಎಲ್ಲಿ ಎದುರಿಗೆ ಬಂದಾಳೋ ಅಂತ ಈ ಅಂಗಳದಲ್ಲಿ ಮುಖ ಮುಚ್ಕೊಂಡು ಓಡಾಡಿ ಪಾಪ ಅವನಿಗೂ ಸಾಕಾಗಿದೆ."

ಆ ಚಳಿಗಾಲವೆಲ್ಲ ಶನಿವಾರಗಳಂದು ಚಿಕ್ಕಮ್ಮ ದೆಸ್ಬಾಳನ್ನು ಕ್ಲಿನಿಕ್ಕಿಗೆ ಕರೆದೊಯ್ದು ಕಲಿಸಿದಳು. ಶೀಸೆಗೆ ಅಂಟಿಸಿದ ಹೆಸರನ್ನು ರೋಗಿಯ ಬಾಯಿಂದಲೇ ಇನ್ನೊಮ್ಮೆ ಕೇಳಿ ತಿಳಿಯುವುದು, ಯಂತ್ರ ಹೇಳಿದ್ದನ್ನು ಒಂದೇ ಸಲಕ್ಕೆ ನಂಬದಿರುವುದು. ಅವರಿಬ್ಬರು ಓಡಾಡಿದ ಆ ಪಿಕಪ್ ಈಗ ಅವಳ ಮನೆಯ ಮುಂದೆ ಹಾಗೇ ನಿಂತಿದೆ. ತೀರಿಕೊಂಡವರದ್ದೆಂದು ಯಾರೂ ಮುಟ್ಟುವುದಿಲ್ಲ. ಗಾಜಿನ ಮೇಲೆ ಕೆಂಪು ಧೂಳು ಕೂತಿದೆ. ಆ ದಾರಿಯಲ್ಲಿ ಹೋಗುವಾಗ ಬೇರೆ ಕಡೆ ನೋಡಬೇಕಾಗುತ್ತದೆ.

ಬೇಸಿಗೆಯಲ್ಲಿ ಅಜ್ಜಿ ಮಖಮಲ್ಲಿನ ರವಿಕೆ ತೊಟ್ಟು, ನೀಲಿಕಲ್ಲಿನ ಸರ ಹಾಕಿಕೊಂಡು ಬಸ್ಸು ಹತ್ತಿದಳು. ಎಲ್ರಾಯ್ ಗೇಲಿ ಮಾಡಲಿಲ್ಲ. ಪ್ರಯೋಗಾಲಯದಲ್ಲಿ ಚಿಕ್ಕಮ್ಮನ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಬಂತು. ಅಜ್ಜಿ ಅದರಲ್ಲಿ ಕೂತು ಹೋಲ್ಮ್ ಹೋದ ಕಡೆಯೆಲ್ಲ ಕಣ್ಣು ಹಾಯಿಸಿದಳು. ಕೆನ್ನೆಯ ಪಾಠದ ದಿನ ದೆಸ್ಬಾ ತನ್ನ ಗಾಜನ್ನು ಲೆನ್ಸಿನ ಕೆಳಗಿಟ್ಟು ಅಜ್ಜಿಯನ್ನು ಕರೆದಳು. ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಇದು ನಿಂದೇ ಅಂತ ಹೇಗೆ ನಂಬೋದು? ಅದರೊಳಗೆ ಮೊದಲೇ ಚಿತ್ರ ಅಂಟಿಸಿರಬಹುದು."

ದೆಸ್ಬಾ ಆ ಮಾತನ್ನು ಅವನ ಭಾಷೆಗೆ ತಿರುಗಿಸಿ ಹೇಳಿದಾಗ ಹೋಲ್ಮ್ ವಿವರಿಸಲು ಬಾಯಿ ತೆರೆದ. ಹುಡುಗಿ ಕಾಯಲಿಲ್ಲ. ಹೊಸ ಗಾಜು ತೆಗೆದು, ಕೆನ್ನೆ ಮುಟ್ಟದೆ, ಬರೀ ನೀಲಿ ಹನಿ ಹಾಕಿ ಇಟ್ಟಳು.

"ಈಗ ನೋಡಜ್ಜಿ."

"ಏನೂ ಇಲ್ಲ."

"ಹೂಂ. ಇದರಲ್ಲಿ ಯಾರದ್ದೂ ಹಾಕಿಲ್ಲ."

"ಮೊದಲಿಂದು ಇಡು." ನೋಡಿದಳು. "ಖಾಲೀದು ಇಡು." ಮತ್ತೆ ನೋಡಿದಳು. ಹಾಗೆ ಎಷ್ಟೋ ಸಲ. ಆಮೇಲೆ ತಾನೇ ಒಂದು ಕಡ್ಡಿ ಎತ್ತಿಕೊಂಡು, ಯಾರಿಗೂ ಕಾಣದಂತೆ ಅತ್ತ ತಿರುಗಿ ಕೆನ್ನೆ ಸವರಿ, ಮೊಮ್ಮಗಳ ಕೈಗೆ ಮಾತ್ರ ಕೊಟ್ಟಳು. ಅದನ್ನೂ ನೋಡಿದಳು.

"ಇಬ್ಬರದ್ದೂ ಒಂದೇ ಥರ ಇದೆ. ಯಾವುದು ಯಾರದ್ದು ಅಂತ ಹೇಗೆ ಹೇಳ್ತೀಯ?"

"ಇದರಲ್ಲಿ ಹೇಳೋಕಾಗಲ್ಲ ಅಜ್ಜಿ. ಅದಕ್ಕೆ ಇನ್ನೂ ಕಲೀಬೇಕು."

ಅಜ್ಜಿ ಚಿಕ್ಕಮ್ಮನ ಕಡೆ ತಿರುಗಿದಳು. "ಎಷ್ಟು ವರ್ಷ ಹಿಡಿಯುತ್ತೆ?"

"ತುಂಬ ವರ್ಷ, ಅಜ್ಜಿ."

"ಅಷ್ಟು ವರ್ಷ ಒಬ್ಬಳೇ ಕುರಿ ಹಿಂದೆ ಓಡಾಡೋಕೆ ನನ್ನ ಮೊಣಕಾಲು ತಡೆಯಲ್ಲ." ಅಜ್ಜಿ ಲೆನ್ಸಿಗೆ ಇನ್ನೊಮ್ಮೆ ಬಗ್ಗಿ, ನೆಟ್ಟಗಾದಳು. "ಕುರಿ ಕಮ್ಮಿ ಮಾಡ್ಬೇಕು."

ಗಾಜುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದ ದೆಸ್ಬಾಳ ಕೈ ಸ್ವಲ್ಪ ಹೊತ್ತು ನಿಂತು, ಮತ್ತೆ ಸುತ್ತತೊಡಗಿತು.

ಊರಿಗೆ ಮರಳುವ ದಾರಿಯುದ್ದಕ್ಕೂ ಯಾವ ಕುರಿ ಇಟ್ಟುಕೊಳ್ಳುವುದು, ಯಾವುದನ್ನು ಮಾರುವುದು ಎಂದು ಅಜ್ಜಿ ಚಿಕ್ಕಮ್ಮನ ಜೊತೆ ವಾದ ಮಾಡಿದಳು.

"ಆ ಕಪ್ಪು ಮುಖದ್ದಕ್ಕೆ ವಯಸ್ಸಾಗ್ತಾ ಬಂತು, ಅದನ್ನ ಮೊದಲು ಮಾರಿ," ಎಂದಳು ಚಿಕ್ಕಮ್ಮ.

"ಅದನ್ನೇ ಯಾಕೆ ಅಂತೀಯ? ನಿನಗೆ ಬೇಕಾ?"

"ನನಗೆ ಯಾಕೆ ಬೇಕು ಅಜ್ಜಿ?"

"ಯಾರಿಗೆ ಗೊತ್ತು," ಎಂದಳು ಅಜ್ಜಿ, ಕಿಟಕಿಯ ಕಡೆ ತಿರುಗಿಕೊಂಡು.